ಗಡಿ ಕಾಯುವವನು ಹೊಡೆದಾಡಿದ್ದು ಯಾರ ಜೊತೆ? ದಿಗೆನಿಸ್ ಅಕ್ರಿತಾಸ್ ಓದಿದವರು ಬನ್ನಿ

ಅಂಚಿನೂರು:
ಎರಡು ತಿಂಗಳಿಂದ ಒಂದೇ ಗ್ರೀಕ್ ಕಾವ್ಯಕ್ಕೆ ಅಂಟಿಕೊಂಡಿದ್ದೇನೆ. ಹೆಸರು ದಿಗೆನಿಸ್ ಅಕ್ರಿತಾಸ್. ಗ್ರೀಕ್ ಅಂದ ತಕ್ಷಣ ಟ್ರಾಯ್, ಅಕಿಲೀಸ್ ಅಂತ ಹೋಗಬೇಡಿ. ಇದು ಅದಕ್ಕಿಂತ ಹತ್ತಿರಹತ್ತಿರ 2,000 ವರ್ಷ ಈಚಿನದು. ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಬೈಜಾಂಟಿಯಮ್ ಕಾಲದ್ದು. ಬರಹಕ್ಕೆ ಬಂದದ್ದು 12ನೇ ಶತಮಾನದಲ್ಲಿ ಅಂತ ಹೆಚ್ಚಿನವರು ಹೇಳುತ್ತಾರೆ. ಕಥೆಯ ನೆನಪುಗಳು ಮಾತ್ರ 9–10ನೇ ಶತಮಾನದವು.

'ಅಕ್ರಾ' ಅಂದರೆ ಅಂಚು. ರಾಜ್ಯದ ಅಂಚಿನಲ್ಲಿ ಕಾವಲಿದ್ದವರು ಅಕ್ರಿತಾಯ್. 'ದಿಗೆನಿಸ್' ಅಂದರೆ ಎರಡು ಕುಲಕ್ಕೆ ಹುಟ್ಟಿದವನು. ಅಪ್ಪ ಸಿರಿಯಾದ ಅರಬ್ ಅಮೀರ. ಅಮ್ಮ ಈ ಕಡೆಯ, ಅಂದರೆ ಬೈಜಾಂಟಿಯಮ್‌ನ ಸೇನಾಪತಿಯ ಮಗಳು. ಹುಡುಗನ ನಿಜವಾದ ಹೆಸರು ಬೆಸಿಲ್.

ಶುರುವಾಗುವುದೇ ಅಪ್ಪನ ಕಥೆಯಿಂದ. ಅಮೀರ ದಾಳಿ ಮಾಡಿ ಸೇನಾಪತಿಯ ಮಗಳನ್ನು ಹೊತ್ತುಕೊಂಡು ಹೋಗುತ್ತಾನೆ. ಅವಳಿಗೆ ಐವರು ಅಣ್ಣತಮ್ಮಂದಿರು. ಬೆನ್ನಟ್ಟಿ ಬಂದು, ಅಮೀರನ ಜೊತೆ ಯಾರು ಕಾದಾಡಬೇಕು ಅಂತ ಚೀಟಿ ಎತ್ತುತ್ತಾರೆ. ಅದು ಬರುವುದು ಎಲ್ಲರಿಗಿಂತ ಚಿಕ್ಕವನಾದ ಕಾನ್‌ಸ್ಟಂಟೈನ್‌ಗೆ. ಅವನೇ ಗೆಲ್ಲುತ್ತಾನೆ. ಆದರೂ ತಂಗಿ ಸಿಗುವುದಿಲ್ಲ. "ಅಲ್ಲಿ ಹಳ್ಳದಲ್ಲಿ ನೋಡಿ, ಮಾತು ಕೇಳದ ಹುಡುಗಿಯರನ್ನು ಕಡಿದು ಹಾಕಿದ್ದೇವೆ" ಅಂತ ಒಬ್ಬ ತೋರಿಸುತ್ತಾನೆ. ಅಣ್ಣಂದಿರು ಹಳ್ಳಕ್ಕಿಳಿದು ಒಂದೊಂದೇ ತಲೆ ತಿರುಗಿಸಿ ನೋಡುತ್ತಾರೆ. ಯಾವ ಮುಖವೂ ಗುರುತು ಹತ್ತುವುದಿಲ್ಲ. ಕೊನೆಗೆ ಎಲ್ಲರನ್ನೂ ಒಂದೇ ಗುಂಡಿಯಲ್ಲಿ ಮಣ್ಣು ಮಾಡಿ ಬರುತ್ತಾರೆ. ಈ ಭಾಗ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಹುಡುಗಿ ಮಾತ್ರ ಅಮೀರನ ಡೇರೆಯಲ್ಲಿ ಬದುಕಿದ್ದಾಳೆ. ಅವನು ಅವಳಿಗೆ ಮನಸ್ಸು ಕೊಟ್ಟಿದ್ದಾನೆ. ಅವಳಿಗಾಗಿ ಮತ ಬಿಟ್ಟು, ಊರು ಬಿಟ್ಟು, ತನ್ನ ಕಡೆಯವರನ್ನೂ ಕರೆದುಕೊಂಡು ಈ ಕಡೆಗೆ ಬರುತ್ತಾನೆ. ಮದುವೆ. ಮಗ.

ನನ್ನ ತಲೆ ತಿನ್ನುತ್ತಿರುವುದು ಇಲ್ಲಿಂದ ಮುಂದಿನದು. ಈ ಮಗನನ್ನು ಗಡಿ ಕಾಯುವ ವೀರ ಅಂತ ಎಂಟುನೂರು ವರ್ಷದಿಂದ ಹಾಡಿದ್ದಾರೆ. ಆದರೆ ಅವನು ಗಡಿಯಾಚೆಯ ಶತ್ರುವಿನ ಜೊತೆ ಯುದ್ಧವನ್ನೇ ಮಾಡುವುದಿಲ್ಲ! ಕರಡಿ ಕೊಲ್ಲುತ್ತಾನೆ, ಸಿಂಹ ಕೊಲ್ಲುತ್ತಾನೆ, ಮೂರು ತಲೆಯ ಸರ್ಪ ಕೊಲ್ಲುತ್ತಾನೆ. ಹುಡುಗಿಯನ್ನು ಹಾರಿಸಿಕೊಂಡು ಹೋಗಿ ಮಾವನ ಸೈನ್ಯದ ಜೊತೆ ಹೊಡೆದಾಡುತ್ತಾನೆ. ಕಾಡುಗಳ್ಳರ ಜೊತೆ ಕಾದುತ್ತಾನೆ. ಯುದ್ಧವೆಲ್ಲ ಅಪ್ಪನ ಕಾಲಕ್ಕೇ ಮುಗಿದಿದೆ, ಅದೂ ಮದುವೆಯಲ್ಲಿ. ಹಾಗಾದರೆ ಇವನು ಕಾದ ಗಡಿ ಯಾವುದು?

ಮಲ್ಲಿಗೆಹಂಬು:
ಬುಕ್‌ಮಾರ್ಕ್ ಮಾಡಿಕೊಂಡೆ. ಒಂದು ದಡ್ಡ ಪ್ರಶ್ನೆ. ಇವರು ಗ್ರೀಕರಾ, ರೋಮನ್ನರಾ? ನಾನು ಓದಿದ ಕಡೆ ಎಲ್ಲ 'ರೋಮನ್ನರು' ಅಂತಲೇ ಇದೆ.

ಅಂಚಿನೂರು:
ದಡ್ಡ ಪ್ರಶ್ನೆ ಅಲ್ಲ. ಮಾತು ಗ್ರೀಕ್, ರಾಜ್ಯ ರೋಮಿನದು. ಪಶ್ಚಿಮದ ರೋಮ್ ಬಿದ್ದ ಮೇಲೂ ಪೂರ್ವದ ಭಾಗ ಉಳಿಯಿತಲ್ಲ, ಇವರು ಅವರೇ. ತಮ್ಮನ್ನು ತಾವು ರೋಮನ್ನರು ಅಂತಲೇ ಕರೆದುಕೊಂಡರು. ಬೈಜಾಂಟಿಯಮ್ ಅನ್ನುವುದು ನಾವೆಲ್ಲ ಆಮೇಲೆ ಇಟ್ಟ ಹೆಸರು.

ತಾಳೆಗರಿ:
ಅಂಚಿನೂರು, ನಿಮ್ಮ ಮಾತು ಮುಕ್ಕಾಲು ಸರಿ. ಕಾಲು ಭಾಗ ಜಗಳ ಇದೆ.

ಮೊದಲು, ಯಾವ ದಿಗೆನಿಸ್ ಓದಿದಿರಿ? ಒಂದೇ ಪಠ್ಯ ಅಂತ ಇಲ್ಲ. ಗ್ರೀಕ್‌ನಲ್ಲಿ ಆರು ರೂಪ ಸಿಕ್ಕಿವೆ. ಮುಖ್ಯವಾದವು ಎರಡು. ಒಂದು, ರೋಮ್ ಪಕ್ಕದ ಗ್ರೊತ್ತಾಫೆರಾತಾ ಮಠದ್ದು. ಸುಮಾರು 1300ರ ಆಸುಪಾಸಿನ ಪ್ರತಿ. 3,700 ಸಾಲು ಚಿಲ್ಲರೆ. ಓದಿದ, ಬರೆದ ಜನರ ಭಾಷೆ, ನಡುನಡುವೆ ಬುದ್ಧಿಮಾತು. ಇನ್ನೊಂದು, ಸ್ಪೇನಿನ ಎಸ್ಕೋರಿಯಲ್ ಗ್ರಂಥಾಲಯದ್ದು. ಪ್ರತಿ 15ನೇ ಶತಮಾನದ್ದು, 1,867 ಸಾಲು. ಮೊದಲ ಹಾಳೆಗಳೇ ಕಳೆದುಹೋಗಿವೆ. ಹಾಗಾಗಿ ಕಾವ್ಯ ಶುರುವಾಗುವುದೇ ಕಾಳಗದ ಮಧ್ಯದಿಂದ. ಅಣ್ಣ ತಮ್ಮನಿಗೆ ಹೇಳುತ್ತಿದ್ದಾನೆ: ಸದ್ದಿಗೆ, ಪೆಟ್ಟಿಗೆ, ಬೆದರಿಕೆಗೆ ಅಂಜಬೇಡ. ಎಷ್ಟು ಚೆನ್ನಾಗಿದೆ ನೋಡಿ! ಯಾವ ಕವಿಯೂ ಯೋಚನೆ ಮಾಡಿ ಇಂಥ ಆರಂಭ ಕೊಡಲಾರ. ಗೆದ್ದಲೋ ಇಲಿಯೋ ಯಾವುದೋ ಒಂದು ಒಳ್ಳೆ ಸಂಪಾದಕನ ಕೆಲಸ ಮಾಡಿದೆ.

ಟ್ರೆಬಿಜಾಂಡ್ ಕಡೆಯ ಪ್ರತಿಯ ಕಥೆ ಬೇರೆ. ಅದು 1875ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾಯಿತು. ಮೂಲ ಹಸ್ತಪ್ರತಿ ಆಮೇಲೆ ಕಾಣೆಯಾಯಿತು. ರಷ್ಯಾದ ಕಡೆಗೂ ಈ ಕಥೆ ಹೋಗಿದೆ, ಅಲ್ಲಿ ಅವನ ಹೆಸರು ದೆವ್ಗೆನಿ. ಅದರ ಒಂದು ಹಳೆಯ ಪ್ರತಿ 1812ರಲ್ಲಿ ಮಾಸ್ಕೋ ಬೆಂಕಿಯಲ್ಲಿ ಸುಟ್ಟುಹೋಯಿತು.

ಈಗ ಜಗಳ. ಅರಬ್ಬರ ಜೊತೆ ಹೊಡೆದಾಡುವುದೇ ಇಲ್ಲ ಅಂದಿರಿ. ಗ್ರೊತ್ತಾಫೆರಾತಾದ ಐದನೇ ಭಾಗ ಇನ್ನೊಮ್ಮೆ ನೋಡಿ. ಮರುಭೂಮಿಯ ಚಿಲುಮೆ ಹತ್ತಿರ ಜೊಂಡಿನ ಮರೆಯಿಂದ ನೂರಕ್ಕೂ ಜಾಸ್ತಿ ಅರಬ್ಬರು ಅವನ ಮೇಲೆ ಬೀಳುತ್ತಾರೆ.

ಅಂಚಿನೂರು:
ಒಪ್ಪಿದೆ, ಅದನ್ನು ಬಿಟ್ಟಿದ್ದೆ. ತಪ್ಪು ನನ್ನದೇ. ಆದರೆ ಅದು ಯುದ್ಧವಾ? ದಾರಿಯಲ್ಲಿ ಅಡ್ಡ ಬಂದ ದರೋಡೆ ಗುಂಪು ಅಷ್ಟೇ. ಯಾವ ರಾಜ್ಯದ ಸೈನ್ಯವೂ ಅಲ್ಲ. ಅವನೂ ಯಾರ ಸೈನಿಕನೂ ಅಲ್ಲ. ಚಕ್ರವರ್ತಿ ಅವನನ್ನು ನೋಡಬೇಕು ಅಂತ ಹೇಳಿ ಕಳಿಸಿದಾಗ ಉತ್ತರ ಏನು ಕೊಟ್ಟ ಗೊತ್ತಲ್ವಾ? ನೀವೇ ಸ್ವಲ್ಪ ಜನರ ಜೊತೆ ಯೂಫ್ರಟೀಸ್ ದಂಡೆಗೆ ಬನ್ನಿ. ಜಾಸ್ತಿ ಜನ ಬಂದರೆ ಯಾವನಾದರೂ ಅನುಭವ ಇಲ್ಲದ ಸೈನಿಕ ಬಾಯಿಗೆ ಬಂದದ್ದು ಆಡಿಬಿಡಬಹುದು. ಆಮೇಲೆ ನಿಮಗೆ ಅವನು ಉಳಿಯುವುದಿಲ್ಲ!

ಚಕ್ರವರ್ತಿ ಬರುತ್ತಾನೆ. ಏನು ಬೇಕು ಕೇಳು ಅನ್ನುತ್ತಾನೆ. ಇವನು, ಏನೂ ಬೇಡ, ನಿಮಗೆ ಸೈನ್ಯದ ಖರ್ಚು ಇರುತ್ತದೆ, ದುಡ್ಡು ನೀವೇ ಇಟ್ಟುಕೊಳ್ಳಿ ಅನ್ನುತ್ತಾನೆ. ಮೇಲೆ ಬಡವರನ್ನು ಚೆನ್ನಾಗಿ ನೋಡಿಕೋ ಅಂತ ಉಪದೇಶ ಬೇರೆ.

ಕಟ್ಟೆಪುರಾಣ:
ಈ ಅಹಂಕಾರಕ್ಕೆ ಇತಿಹಾಸದಲ್ಲಿ ಬೇರು ಇದೆ. ಸುಮ್ನೆ ಕವಿ ಕಟ್ಟಿದ್ದಲ್ಲ.

7ನೇ ಶತಮಾನದಲ್ಲಿ ಸಿರಿಯಾ ಅರಬ್ಬರ ಕೈಗೆ ಹೋಯಿತು. ಆಮೇಲೆ ಮುನ್ನೂರು ವರ್ಷ ಈಗಿನ ತುರ್ಕಿಯ ದಕ್ಷಿಣಕ್ಕಿರುವ ಟಾರಸ್ ಬೆಟ್ಟಸಾಲೇ ಗಡಿ. ಗಡಿ ಅಂದರೆ ಗೀಟಲ್ಲ, ಬೇಲಿಯಲ್ಲ. ಅಗಲವಾದ ಒಂದು ಪಟ್ಟಿ. ಅಲ್ಲಿ ಕಣಿವೆಗಳಿವೆ, ಕೋಟೆಗಳಿವೆ, ಎರಡೂ ಕಡೆಗೆ ತೆರಿಗೆ ಕಟ್ಟಿದ ಹಳ್ಳಿಗಳಿವೆ. ಬೇಸಿಗೆ ಬಂತೆಂದರೆ ಟಾರ್ಸಸ್, ಮೆಲಿಟೀನ್ ಕಡೆಯಿಂದ ದಾಳಿ. ದನ, ಕುರಿ, ಜನ, ಸಿಕ್ಕಿದ್ದು ಹೊಡೆದುಕೊಂಡು ವಾಪಸ್. ಈ ಕಡೆಯವರೂ ಅದನ್ನೇ ಮಾಡುತ್ತಿದ್ದರು. ಟಾರಸ್ ಪಕ್ಕದ ಲೂಲೊನ್ ಕೋಟೆಯಿಂದ ಕಾನ್‌ಸ್ಟಾಂಟಿನೋಪಲ್‌ವರೆಗೆ ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹಚ್ಚಿ ಸುದ್ದಿ ಮುಟ್ಟಿಸುವ ಏರ್ಪಾಡು ಇತ್ತು.

ದಾಳಿ ಮಾಡುವವರನ್ನು ಎದುರಿಸುವುದು ಹೇಗೆ ಅಂತ 10ನೇ ಶತಮಾನದ ಒಂದು ಸೇನಾ ಕೈಪಿಡಿಯೇ ಉಳಿದಿದೆ. ಓದಿದರೆ ಮಜಾ ಬರುತ್ತದೆ. ವೀರಾವೇಶ ಏನೂ ಇಲ್ಲ. ಬರುವಾಗ ತಡೆಯಲು ಹೋಗಬೇಡಿ, ಲೂಟಿ ಹೊತ್ತುಕೊಂಡು ಸುಸ್ತಾಗಿ ವಾಪಸ್ ಹೋಗುವಾಗ ಕಣಿವೆಯಲ್ಲಿ ಹಿಡಿಯಿರಿ ಅನ್ನುತ್ತದೆ. ಅಕ್ರಿತಾಯ್ ಬದುಕು ನಿಜವಾಗಿ ಇದು. ಕಾಯುವುದು, ಕದ್ದು ನೋಡುವುದು, ಹಸಿದುಕೊಂಡಿರುವುದು.

863ರಲ್ಲಿ ಲಾಲಕಾವೊನ್ ಎಂಬಲ್ಲಿ ಮೆಲಿಟೀನ್‌ನ ಅಮೀರ ಉಮರ್ ಸತ್ತ. 934ರಲ್ಲಿ ಮೆಲಿಟೀನ್ ಊರೇ ಬೈಜಾಂಟಿಯಮ್ ಕೈಗೆ ಬಂತು, 965ರಲ್ಲಿ ಟಾರ್ಸಸ್. ಕಾವ್ಯದಲ್ಲಿ ದಿಗೆನಿಸ್‌ನ ಅಪ್ಪನ ಕಡೆಯ ಹಿರಿಯರ ಹೆಸರು ಕೇಳಿ: ಅಂಬ್ರೋನ್, ಕರೋಇಸ್, ಕ್ರಿಸೋಖೆರ್ಪಿಸ್. ಅಂಬ್ರೋನ್ ಅಂದರೆ ಇದೇ ಉಮರ್ ಅಂತ ಹೆಚ್ಚಿನವರ ಊಹೆ. ಉಳಿದಿಬ್ಬರು ಆ ಕಾಲದ ಪೌಲಿಷಿಯನ್ ಪಂಗಡದ ನಾಯಕರಾದ ಕಾರ್ಬೆಯಾಸ್, ಕ್ರಿಸೋಖೈರ್. ಅವರು ಕ್ರೈಸ್ತರೇ, ಆದರೆ ಚಕ್ರವರ್ತಿಯ ವಿರುದ್ಧ ಅರಬ್ಬರ ಜೊತೆ ಸೇರಿದವರು. ಇಲ್ಲಿ 'ಆ ಕಡೆ' ಅನ್ನುವುದೇ ಕಲಸುಮೇಲೋಗರ.

ಅಂಚಿನೂರು ಕೇಳಿದ್ದಕ್ಕೆ ನನ್ನ ಉತ್ತರ ಇದು. 1071ರಲ್ಲಿ ಮಾಂಜಿಕರ್ಟ್ ಸೋಲಾಯಿತು. ತುರ್ಕರು ಒಳಗೆ ಬಂದರು. ಕಾವ್ಯ ಬರೆಯುವ ಹೊತ್ತಿಗೆ ಯೂಫ್ರಟೀಸ್ ಬೈಜಾಂಟಿಯಮ್ ಕೈಯಲ್ಲಿ ಇರಲೇ ಇಲ್ಲ. ಕಳೆದುಹೋದ ಹೊಲದ ಬಗ್ಗೆ ಅಜ್ಜ ಕಥೆ ಹೇಳಿದ ಹಾಗೆ ಬರೆದಿದ್ದಾರೆ. ಅಜ್ಜ ಸಾಲದ ಲೆಕ್ಕ ಹೇಳುತ್ತಾನಾ? ಮಾವಿನ ಮರದ ಕಥೆ ಹೇಳುತ್ತಾನೆ. ಇಲ್ಲೂ ಹಾಗೇ. ಯುದ್ಧ ಮರೆತಿದೆ, ಯೂಫ್ರಟೀಸ್ ದಂಡೆಯ ಅರಮನೆ, ತೋಟ, ನವಿಲು ನೆನಪಿವೆ.

ಅಂಚಿನೂರು:
ಇದು ಹೊಳೆದಿರಲಿಲ್ಲ. ಥ್ಯಾಂಕ್ಸ್. ಅರಮನೆ ಗೋಡೆಯ ಚಿತ್ರಗಳನ್ನೂ ಸೇರಿಸಿ. ಸ್ಯಾಮ್ಸನ್, ದಾವೀದ, ಮೋಶೆ ಒಂದು ಕಡೆ. ಅಕಿಲೀಸ್, ಒಡಿಸ್ಸಿಯಸ್, ಅಲೆಕ್ಸಾಂಡರ್ ಇನ್ನೊಂದು ಕಡೆ. ಅಪ್ಪನ ಕಡೆಯ ಒಬ್ಬನೂ ಗೋಡೆ ಮೇಲೆ ಇಲ್ಲ.

ನೇರಮಾತು:
ಎಲ್ಲರೂ ಅರಮನೆ, ತೋಟ ಅಂತ ಹೋಗುತ್ತಿದ್ದೀರಿ. ಆ ಐದನೇ ಭಾಗದ ಚಿಲುಮೆ ಹತ್ತಿರ ಅರಬ್ಬರು ಮಾತ್ರ ಇದ್ದರಾ? ಅಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಹೆಸರನ್ನೂ ಕವಿ ಹೇಳುವುದಿಲ್ಲ.

ಅರಬ್ ಅಮೀರನೊಬ್ಬನ ಮಗಳು ಅವಳು. ಸೆರೆಯಲ್ಲಿದ್ದ ಗ್ರೀಕ್ ಹುಡುಗನನ್ನು ನಂಬಿ ಮನೆ ಬಿಟ್ಟು ಬಂದವಳು. ಅವನು ದಾರಿಯಲ್ಲಿ ಅವಳನ್ನು ಬಿಟ್ಟು ಓಡಿಹೋಗಿದ್ದಾನೆ. ಚಿಲುಮೆ ಹತ್ತಿರ ಒಬ್ಬಳೇ ಅಳುತ್ತಾ ಕೂತಿದ್ದಾಳೆ. ನಮ್ಮ 'ವೀರ' ಬರುತ್ತಾನೆ. ಆ ಹುಡುಗನಿಗೇ ನಿನ್ನನ್ನು ಮದುವೆ ಮಾಡಿಸುತ್ತೇನೆ ಅಂತ ಕುದುರೆ ಮೇಲೆ ಕೂರಿಸಿಕೊಳ್ಳುತ್ತಾನೆ. ದಾರಿಯಲ್ಲಿ ಅವಳ ಮೇಲೆ ಬಲಾತ್ಕಾರ ಮಾಡುತ್ತಾನೆ. ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಆ ಹುಡುಗನನ್ನು ಹುಡುಕಿ, ಗದರಿಸಿ, ಮದುವೆಯನ್ನೂ ಮಾಡಿಸುತ್ತಾನೆ. ನಡೆದದ್ದನ್ನು ಮುಚ್ಚಿಟ್ಟು.

ಆರನೇ ಭಾಗದಲ್ಲಿ ಮಾಕ್ಸಿಮೋ. ಕಾಡುಗಳ್ಳರ ಮುದಿ ನಾಯಕ ಫಿಲೊಪಪ್ಪೂಸ್ ಇವನಿಗೆ ಸೋತು ಸಹಾಯಕ್ಕೆ ಕರೆತರುವ ವೀರವನಿತೆ. ಬಿಳಿ ಕುದುರೆ, ಗೊರಸಿಗೆ ಬಣ್ಣ. ಹೊಳೆಯ ಆ ದಡದಲ್ಲಿ ಅವಳು, ಈ ದಡದಲ್ಲಿ ಇವನು. ಅವಳು ದಾಟಲು ಹೊರಟರೆ ಇವನು, ನೀನು ಬರಬೇಡ, ಹೆಣ್ಣಿನ ಹತ್ತಿರ ಗಂಡು ಬರುವುದು ರೀತಿ ಅಂತ ತಾನೇ ನೀರಿಗೆ ಇಳಿಯುತ್ತಾನೆ. ನಿಜ ಹೇಳಬೇಕೆಂದರೆ ಅಲ್ಲಿ ನಾನೂ ನಕ್ಕೆ. ಅವಳು ಸೋಲುತ್ತಾಳೆ. ಇವನು ಅವಳ ಜೊತೆ ಮಲಗುತ್ತಾನೆ. ಹೆಂಡತಿಗೆ ಅನುಮಾನ ಬಂದಾಗ ಸುಳ್ಳು ಹೇಳುತ್ತಾನೆ. ಆಮೇಲೆ ಬೇಟೆಗೆ ಹೋಗುವ ನೆಪ ಹೇಳಿ, ಹೋಗಿ ಮಾಕ್ಸಿಮೋಳನ್ನು ಕೊಂದು ಬರುತ್ತಾನೆ.

ಇವನು ಯಾರ ಜೊತೆ ಹೊಡೆದಾಡಿದ ಅಂತ ತಾನೇ ನಿಮ್ಮ ಪ್ರಶ್ನೆ? ಉತ್ತರ ಸಿಕ್ಕಿತಾ?

ತಾಳೆಗರಿ:
ನಿಮ್ಮ ಕೋಪ ಸರಿಯಾದದ್ದೇ. ಎರಡು ವಿಷಯ ಮಾತ್ರ ಸೇರಿಸುತ್ತೇನೆ.

ಒಂದು, ಮಾಕ್ಸಿಮೋ ಕೊಲೆ ಇರುವುದು ಮಠದ ಪ್ರತಿಯಲ್ಲಿ. ಎಸ್ಕೋರಿಯಲ್ ಪ್ರತಿಯಲ್ಲಿ ಅವಳು ಸಾಯುವುದಿಲ್ಲ. ಜನರ ಮಾತಿಗೆ ಹತ್ತಿರವಾದ ಪಠ್ಯ ಅವಳನ್ನು ಬದುಕಲು ಬಿಟ್ಟಿದೆ. ನೀತಿ ಹೇಳುವ ಪಠ್ಯ ಅವಳನ್ನು ಕೊಂದಿದೆ. ಯಾರೋ ಪಾಪ ತೊಳೆಯಲು ಹೋಗಿ ಇನ್ನೊಂದು ಪಾಪ ಸೇರಿಸಿದ ಹಾಗಿದೆ.

ಎರಡು, ಈ ಎರಡು ಭಾಗಗಳನ್ನು ದಿಗೆನಿಸ್ ತನ್ನ ಬಾಯಿಂದಲೇ ಹೇಳುತ್ತಾನೆ. ಬೇರೆ ಭಾಗಗಳಲ್ಲಿ 'ಅವನು', ಇಲ್ಲಿ 'ನಾನು'. ಚಿಲುಮೆಯ ಕಥೆಯನ್ನು ಕಪಡೋಷಿಯಾದ ಒಬ್ಬ ಗೆಳೆಯನಿಗೆ ನಾಚಿಕೊಂಡೇ ಹೇಳುತ್ತಾನೆ. ಕವಿ ಹೊಗಳುತ್ತಿಲ್ಲ, ಒಪ್ಪಿಸುತ್ತಿದ್ದಾನೆ.

ನೇರಮಾತು:
ತಪ್ಪೊಪ್ಪಿಗೆ ಗೆಳೆಯನಿಗೆ. ಆ ಹುಡುಗಿಗಲ್ಲ, ಹೆಂಡತಿಗೂ ಅಲ್ಲ. ಒಪ್ಪಿಕೊಂಡ ಮರುದಿನವೇ ಇನ್ನೊಂದು ಸಾಹಸ. ಇದನ್ನು ತಪ್ಪೊಪ್ಪಿಗೆ ಅಂತ ನಾನು ಕರೆಯಲಾರೆ. ಆದರೆ ಕವಿ ಮುಚ್ಚಿಡಲಿಲ್ಲ ಅನ್ನುವುದಕ್ಕೆ ಅವನಿಗೆ ಅರ್ಧ ಮಾರ್ಕ್ಸ್ ಕೊಡುತ್ತೇನೆ.

ನನಗೆ ಈ ಕಾವ್ಯದಲ್ಲಿ ಇಷ್ಟವಾದ ಹೆಣ್ಣು ಅಮೀರನ ತಾಯಿ. ಸಿರಿಯಾದಿಂದ ಮಗನಿಗೆ ಪತ್ರ ಬರೆಯುತ್ತಾಳಲ್ಲ. ಹಂದಿ ತಿನ್ನುವವಳೊಬ್ಬಳಿಗಾಗಿ ಮತ ಬಿಟ್ಟೆಯಾ, ನಿನ್ನಿಂದ ಇಲ್ಲಿ ನಾವು ತಲೆ ಎತ್ತುವ ಹಾಗಿಲ್ಲ, ನಿನ್ನ ಇಲ್ಲಿಯ ಹೆಂಡತಿ ಮಕ್ಕಳ ಗತಿ ಏನು ಅಂತ. ಹೌದು, ಅವನಿಗೆ ಅಲ್ಲಿ ಆಗಲೇ ಸಂಸಾರ ಇತ್ತು! ಕಥೆ ಮುಂದೆ ಹೋದ ಹಾಗೆ ಅವರನ್ನು ಕವಿ ಮೆಲ್ಲಗೆ ಮರೆತುಬಿಡುತ್ತಾನೆ.

ಅಂಚಿನೂರು:
ಆ ಪತ್ರ ನಾನೂ ಎರಡು ಸಲ ಓದಿದೆ. ಗಡಿಯ ಕಥೆ ಅಂದರೆ ಅದೇ ಅನ್ನಿಸುತ್ತದೆ ಈಗ. ಮಗ ಗಡಿ ದಾಟಿದ. ಊರಿನವರ ಬಾಯಿಗೆ ಸಿಕ್ಕವಳು ತಾಯಿ.

ಬೀದಿದೀಪ:
ನಾನು ಗಂಭೀರ ಓದುಗ ಅಲ್ಲ. ಒಂದು ಸಾಲು ಮಾತ್ರ ಕಣ್ಣಿಗೆ ಬಿತ್ತು. ಈ ಮಾಕ್ಸಿಮೋ ಗ್ರೀಕ್ ಪುರಾಣದಲ್ಲಿ ಕಾದಾಡುವ ಅಮೆಜಾನ್ ಹೆಂಗಸರ ಪೀಳಿಗೆಯವಳು, ಆ ಹೆಂಗಸರನ್ನು ಅಲೆಕ್ಸಾಂಡರ್ 'ಬ್ರಖ್ಮನರ' ಕಡೆಯಿಂದ ಕರೆತಂದ ಅಂತ ಇದೆ. ಇದು ನಮ್ಮ ಬ್ರಾಹ್ಮಣರಾ?

ತಾಳೆಗರಿ:
ಅವರೇ. ಅಲೆಕ್ಸಾಂಡರ್ ಬಗ್ಗೆ ಗ್ರೀಕರಲ್ಲಿ ಒಂದು ದೊಡ್ಡ ಕಟ್ಟುಕಥೆಯ ರಾಶಿ ಇದೆ. ಅದರಲ್ಲಿ ಅವನು ಭಾರತಕ್ಕೆ ಹೋಗಿ ಬತ್ತಲೆ ಜ್ಞಾನಿಗಳನ್ನು ಕಂಡು ಮಾತಾಡುತ್ತಾನೆ. ಅವರನ್ನು ಬ್ರಖ್ಮನರು ಅನ್ನುತ್ತಾರೆ. ಅದೇ ಕಥೆಯಲ್ಲಿ ಅಮೆಜಾನ್‌ಗಳೂ ಬರುತ್ತಾರೆ. ದಿಗೆನಿಸ್ ಕವಿ ಎರಡನ್ನೂ ಗಂಟು ಹಾಕಿದ್ದಾನೆ. ಯೂಫ್ರಟೀಸ್ ದಂಡೆಯ ಕಥೆ ಹೇಳುವ ಕವಿಗೆ ಭಾರತ ಅಂದರೆ ದೂರದ ಅಚ್ಚರಿಗಳೆಲ್ಲ ಹುಟ್ಟುವ ಜಾಗ.

ಬೀದಿದೀಪ:
ಬತ್ತಲೆ ಜ್ಞಾನಿಗಳ ಊರಿಂದ ಕವಚ ತೊಟ್ಟ ಹೆಂಗಸರು. ಭಲೇ.

ಉಪ್ಪುಗಾಳಿ:
ನಾನು ಆರು ವರ್ಷದಿಂದ ಸೈಪ್ರಸ್‌ನಲ್ಲಿದ್ದೇನೆ. ಇಲ್ಲಿ ಅವನನ್ನು 'ದಿಯೆನಿಸ್' ಅನ್ನುತ್ತಾರೆ, ಗ ಕೇಳಿಸುವುದೇ ಇಲ್ಲ. ಪುಸ್ತಕಕ್ಕಿಂತ ಇಲ್ಲಿ ಅವನು ಕಲ್ಲಿನಲ್ಲಿ ಜಾಸ್ತಿ ಸಿಗುತ್ತಾನೆ.

ಪಾಫೋಸ್ ದಾರಿಯಲ್ಲಿ ಸಮುದ್ರದಲ್ಲಿ ಒಂದು ದೊಡ್ಡ ಬಂಡೆ ಇದೆ. ಪ್ರವಾಸಿಗಳಿಗೆಲ್ಲ ಅದು ಗ್ರೀಕರ ಪ್ರೇಮದೇವತೆ ಅಫ್ರೊದಿತೆ ಹುಟ್ಟಿದ ಜಾಗ. ಫೋಟೋ, ಐಸ್‌ಕ್ರೀಮ್, ಗಲಾಟೆ. ಆದರೆ ಊರಿನವರ ಹೆಸರು 'ಪೆತ್ರಾ ತು ರೊಮಿಯೂ', ರೋಮನ್ನನ ಬಂಡೆ. ಅರಬ್ಬರ ಹಡಗುಗಳು ಬಂದಾಗ ದಿಯೆನಿಸ್ ಎತ್ತಿ ಎಸೆದ ಕಲ್ಲಂತೆ. ನೋಡಿ ಅಂಚಿನೂರು, ಪುಸ್ತಕದಲ್ಲಿ ಮಾಡದ ಯುದ್ಧವನ್ನು ಜನರ ಬಾಯಲ್ಲಿ ಮಾಡಿದ್ದಾನೆ.

ಇನ್ನೊಂದು ಪೆಂತದಾಕ್ತಿಲೋಸ್, ಐದು ಬೆರಳಿನ ಬೆಟ್ಟ. ಶತ್ರುಗಳಿಂದ ತಪ್ಪಿಸಿಕೊಳ್ಳಲು ಅನಾತೋಲಿಯಾದಿಂದ ಸಮುದ್ರ ಹಾರಿ ಬಂದಾಗ ಕೈ ಊರಿದ ಗುರುತು ಅಂತ ಕಥೆ. ನಿಕೋಸಿಯಾದ ನನ್ನ ಆಫೀಸಿನ ಮಹಡಿ ಮೇಲೆ ನಿಂತರೆ ಅದು ಉತ್ತರಕ್ಕೆ ಕಾಣುತ್ತದೆ. 1974ರಲ್ಲಿ ತುರ್ಕಿ ಸೈನ್ಯ ಬಂದ ಮೇಲೆ ದ್ವೀಪದ ನಡುವೆ ಗಡಿ ಎದ್ದಿದೆ. ಬೆಟ್ಟ ಆ ಕಡೆಗೆ ಹೋಯಿತು. ಬೆಟ್ಟಸಾಲಿನ ಇಳಿಜಾರಿನಲ್ಲಿ ಉತ್ತರದವರು ಬರೆದ ದೊಡ್ಡ ಬಾವುಟ ರಾತ್ರಿ ದೀಪದಲ್ಲಿ ಮಿನುಗುತ್ತದೆ. ಮೊದಲ ವರ್ಷ ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಬೆಟ್ಟ ತೋರಿಸಿ, "ಅದೋ ದಿಯೆನಿಸ್ ಕೈ" ಅಂದರು. ಅವರು ಹುಟ್ಟಿದ ಊರು ಆ ಕೈಯ ಆಚೆ ಬದಿಗೆ. ಅದರ ಮೇಲೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇಲ್ಲಿ ಈ ಹೆಸರು ಬರೀ ಜಾನಪದ ಅಲ್ಲ ಅಂತಲೂ ತಿಳಿದಿರಲಿ. ಬ್ರಿಟಿಷರ ವಿರುದ್ಧ 1955ರಿಂದ 59ರವರೆಗೆ ನಡೆದ ಸಶಸ್ತ್ರ ಹೋರಾಟದ ನಾಯಕ ಗ್ರಿವಾಸ್ ಇಟ್ಟುಕೊಂಡ ಗುಪ್ತನಾಮವೂ 'ದಿಯೆನಿಸ್'. ಅದಕ್ಕೇ ಕೆಲವರ ಮುಂದೆ ಆ ಹೆಸರು ಎತ್ತುವಾಗ ಸ್ವಲ್ಪ ನೋಡಿಕೊಳ್ಳಬೇಕು.

ಕಟ್ಟೆಪುರಾಣ:
ಉಪ್ಪುಗಾಳಿ, ಇದು ಚಿನ್ನದಂಥ ಪೋಸ್ಟ್. ಅಪ್ಪ ಅರಬ್, ಅಮ್ಮ ಗ್ರೀಕ್ ಆದವನನ್ನು ಒಂದೇ ಕಡೆಯವರು ಪೂರ್ತಿ ತಮ್ಮವನು ಮಾಡಿಕೊಂಡರಲ್ಲ, ಅದು ನೋಡಿ ತಮಾಷೆ.

ಗಡಿಯ ಆ ಕಡೆಗೂ ಇಂಥವನೇ ಒಬ್ಬ ಇದ್ದಾನೆ. ಬತ್ತಾಲ್ ಗಾಜಿ. 740ರಲ್ಲಿ ಅಕ್ರೊಇನೊನ್ ಎಂಬಲ್ಲಿ ಸತ್ತ ಅರಬ್ ದಳಪತಿ ಅವನು. ತುರ್ಕರು ಬಂದ ಮೇಲೆ ಅವನ ಕಥೆ ತುರ್ಕಿಗೆ ಬಂತು. ಕಥೆಯಲ್ಲಿ ಅವನ ಊರು ಮಲತ್ಯಾ, ಅಂದರೆ ಅದೇ ಮೆಲಿಟೀನ್. ಎಸ್ಕಿಶೆಹಿರ್ ಪ್ರಾಂತ್ಯದ ಸೆಯಿತ್‌ಗಾಜಿಯಲ್ಲಿ ಅವನ ದೊಡ್ಡ ಗೋರಿ ಇದೆ. ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಗೋರಿ. ಯಾರದ್ದು ಅಂತೀರಿ? ಅವನನ್ನು ಪ್ರೀತಿಸಿದ ಬೈಜಾಂಟಿಯಮ್ ರಾಜಕುಮಾರಿಯದಂತೆ. ಈ ಕಡೆ ಕಥೆಯಲ್ಲಿ ಅಮೀರ ಹುಡುಗಿಗಾಗಿ ಈಚೆ ಬಂದ. ಆ ಕಡೆ ಕಥೆಯಲ್ಲಿ ರಾಜಕುಮಾರಿ ಆಚೆಯವನಿಗೆ ಮನಸ್ಸು ಕೊಟ್ಟಳು. ಇಬ್ಬರೂ ತಮ್ಮ ಕಡೆಗೇ ಒಂದು ಮದುವೆ ಎಳೆದುಕೊಂಡಿದ್ದಾರೆ.

ಮಲ್ಲಿಗೆಹಂಬು:
ಇಷ್ಟೆಲ್ಲ ಓದಿ ನಿನ್ನೆ ಹಾಡುಗಳನ್ನು ಹುಡುಕಿ ಕೇಳಿದೆ. ಕ್ರೀಟ್ ದ್ವೀಪದ 'ದಿಗೆನಿಸ್ ಸಾವು'. ಅರ್ಥವಾಗದಿದ್ದರೂ ಮೈ ಝುಂ ಅಂದಿತು. ಯಾರಾದರೂ ಕನ್ನಡಕ್ಕೆ ತರುತ್ತೀರಾ?

ತಾಳೆಗರಿ:
ಮೊದಲು ಒಂದು ಮಾತು. ಪುಸ್ತಕದಲ್ಲಿ ಅವನು ಸ್ನಾನ ಮಾಡಿ ಬಂದ ಮೇಲೆ ಕಾಯಿಲೆ ಬಿದ್ದು ಹಾಸಿಗೆಯಲ್ಲಿ ಸಾಯುತ್ತಾನೆ. ಪಕ್ಕದಲ್ಲಿ ಪ್ರಾರ್ಥನೆ ಮಾಡುತ್ತಲೇ ಹೆಂಡತಿಯೂ ಪ್ರಾಣ ಬಿಡುತ್ತಾಳೆ. ಜನರಿಗೆ ಅದು ಸಾಕಾಗಲಿಲ್ಲ. ಹಾಡುಗಳಲ್ಲಿ ಅವನು ಸಾವಿನ ದೇವತೆ ಖಾರೋಸ್ ಜೊತೆ ಕುಸ್ತಿ ಆಡುತ್ತಾನೆ. ಈ ಹಾಡುಗಳು ಕಪ್ಪು ಸಮುದ್ರದ ದಂಡೆಯ ಪೊಂಟಸ್, ಕಪಡೋಷಿಯಾ, ಸೈಪ್ರಸ್, ಕ್ರೀಟ್ ಎಲ್ಲ ಕಡೆ ಸಿಕ್ಕಿವೆ. 1923ರಲ್ಲಿ ಗ್ರೀಸ್, ತುರ್ಕಿ ನಡುವೆ ಜನರ ಅದಲುಬದಲು ಆಯಿತಲ್ಲ, ಆಗ ಪೊಂಟಸ್‌ನವರು ಮನೆ ಬಿಟ್ಟು ಬರುವಾಗ ಈ ಹಾಡುಗಳನ್ನೂ ತಂದರು.

ಛಂದಸ್ಸು ಸುಲಭ. ಸಾಲಿಗೆ 15 ಅಕ್ಷರ. ಎಂಟು, ಒಂದು ಉಸಿರು, ಏಳು. ಹೆಸರು 'ಪೊಲಿಟಿಕೋಸ್' ಪದ್ಯ. ರಾಜಕೀಯಕ್ಕೂ ಇದಕ್ಕೂ ಸಂಬಂಧ ಇಲ್ಲ, ಸಾಮಾನ್ಯ ಜನರದ್ದು ಅಂತ ಅರ್ಥ. ನನ್ನ ಪ್ರಯತ್ನ:

ದಿಗೆನಿಸನ ಮರಣದಿ ಧರೆಯು ಕಂಪಿಸಿಹುದು,
ಗೋರಿಯ ಶಿಲಾಫಲಕ ರೋಮಾಂಚನಗೊಂಡಿಹುದು.

ನೇರಮಾತು:
ಕ್ಷಮಿಸಿ, ಇದು ಶ್ರದ್ಧಾಂಜಲಿ ಕಾರ್ಡ್ ಥರ ಇದೆ. ಹದಿನೈದಕ್ಕೂ ಜಾಸ್ತಿ ಆಯಿತು ಬೇರೆ.

ತಾಳೆಗರಿ:
ಒಪ್ಪಿದೆ :) ನೀವೇ ಮಾಡಿ.

ನೇರಮಾತು:
ಎಣಿಸಿ ನೋಡಿ, ಎಂಟು ಮತ್ತು ಏಳು.

ದಿಗೆನಿಸ ಸಾಯುತಾನೆ, ನೆಲಕೆಲ್ಲ ನಡುಕ.
ಮುಚ್ಚಲಿರುವ ಚಪ್ಪಡಿ ಮೈ ಜುಮ್ಮೆಂದು ನಿಂತಿತು.

ಇಂಥವನನ್ನು ನಾನು ಹೇಗೆ ಮುಚ್ಚಲಿ ಅಂತ ಚಪ್ಪಡಿಗೇ ದಿಗಿಲು. ಅವನ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಈ ಸಾಲಿಗೆ ಸೋತೆ. ಕಲ್ಲಿಗೆ ಭಯ ಹುಟ್ಟಿಸುವುದು ಎಲ್ಲರಿಗೂ ಬರುವುದಿಲ್ಲ.

ಅಂಚಿನೂರು:
ಚಪ್ಪಡಿ! ಶಿಲಾಫಲಕ ಎಲ್ಲಿ, ಚಪ್ಪಡಿ ಎಲ್ಲಿ. ಇದನ್ನು ನಾನು ಕದಿಯುತ್ತೇನೆ.

ಕುಸ್ತಿ ನಡೆಯುವ ಜಾಗಕ್ಕೆ ಗ್ರೀಕ್‌ನಲ್ಲಿ 'ಮರ್ಮರೆನಿಯಾ ಅಲೋನಿಯಾ' ಅನ್ನುತ್ತಾರೆ. ಅಲೋನಿ ಅಂದರೆ ತೆನೆ ಒಕ್ಕುವ ಜಾಗ. ಇಂಗ್ಲಿಷ್ ಅನುವಾದದಲ್ಲಿ ಓದಿದಾಗ, ಸಾವಿನ ಜೊತೆ ಕುಸ್ತಿಗೆ ಒಕ್ಕಲು ಜಾಗ ಯಾಕಪ್ಪಾ ಅಂತ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಕನ್ನಡದಲ್ಲಿ ಹೇಳಿ ನೋಡಿಕೊಂಡೆ. ಅಮೃತಶಿಲೆಯ ಕಣ. ಕಣ! ರಾಗಿ ಒಕ್ಕುವುದೂ ಕಣ, ಕಾಳಗಕ್ಕೆ ಇಳಿಯುವುದೂ ಕಣ. ನಮಗೆ ಅಡಿಟಿಪ್ಪಣಿಯೇ ಬೇಡ.

ಕಟ್ಟೆಪುರಾಣ:
ಅಲ್ಲಿಯ ಕಣಗಳೂ ದುಂಡಗೇ ಇರುತ್ತವೆ. ಕಲ್ಲು ಹಾಸಿ, ಗಾಳಿ ಚೆನ್ನಾಗಿ ಬೀಸುವ ದಿಬ್ಬದ ಮೇಲೆ ಮಾಡುತ್ತಾರೆ. ಊರಲ್ಲಿ ಸಮತಟ್ಟಾದ ಜಾಗ ಅಂದರೆ ಅದೊಂದೇ, ಕುಣಿತಕ್ಕೂ ಅದೇ. ನಡುವೆ ದನ ಕಟ್ಟಿ ಸುತ್ತಿಸಲು ಒಂದು ಗೂಟ.

ಮಲ್ಲಿಗೆಹಂಬು:
ಮೇಟಿ! ನಮ್ಮಜ್ಜಿ ಮನೆಯ ಕಣದಲ್ಲೂ ಇತ್ತು. ಸಗಣಿ ಸಾರಿಸಿದ ಕಣ, ಅಮೃತಶಿಲೆಯದ್ದಲ್ಲ. ಸುಗ್ಗಿ ಮುಗಿದ ಮೇಲೆ ನಾವು ಮಕ್ಕಳು ಅಲ್ಲೇ ಕುಸ್ತಿ ಆಡುತ್ತಿದ್ದೆವು.

ಬೀದಿದೀಪ:
ಕೊನೆಗೆ ಯಾರು ಗೆದ್ದರು ಅಂತ ಯಾರೂ ಹೇಳಲೇ ಇಲ್ಲ.

ಉಪ್ಪುಗಾಳಿ:
ಖಾರೋಸ್. ಆದರೆ ನಾನು ಕೇಳಿದ ಹಾಡಿನಲ್ಲಿ ಮೂರು ದಿನ ಹಿಡಿಯಿತು.